ಚಳಿಯೇ ಇಲ್ಲದ ಮುಂಬೈಯಲ್ಲಿ ಸ್ವೆಟರ್ ಯಾರಿಗೆ ಹಾಕೋದು?

ಡೊಂಬಿವಲಿ ಡೈರಿ

ನಮ್ಮ ಬಿಲ್ಡಿಂಗ್ ಒಡೆದು ಹೊಸದು ಕಟ್ಟುತ್ತಾರೆ. ಎರಡು ವಾರದಿಂದ ಸಾಮಾನು ಕಟ್ಟುವುದೇ ಕೆಲಸ. ನಿನ್ನೆ ಅಟ್ಟದಿಂದ ಅಮ್ಮನ ಟ್ರಂಕ್ ಇಳಿಸಿದೆ. ಒಳಗೆ ಒಂದು ಇಳಕಲ್ ಸೀರೆ, ಹಳೇ ವಿಮೆ ಕಾಗದ, ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಸ್ವೆಟರ್. ಬಾಟಲ್ ಗ್ರೀನ್ ಬಣ್ಣ. ಕಡ್ಡಿ ಇನ್ನೂ ಅದರಲ್ಲೇ ಇದೆ. ಅಮ್ಮ ಹೋಗಿ 11 ವರ್ಷ ಆಯಿತು.

ನನಗೆ ಹೆಣಿಗೆ ಬರುವುದಿಲ್ಲ. ಅಮ್ಮ ಕಲಿಸಲು ಕೂತಾಗಲೆಲ್ಲ ಏನೋ ನೆಪ ಹೇಳಿ ಎದ್ದು ಹೋದವಳು ನಾನು. ಆದರೂ ಎಸೆಯಲು ಕೈ ಬರಲಿಲ್ಲ, ಅದೇ ಬಣ್ಣ ಸಿಗುತ್ತದಾ ಕೇಳೋಣ ಅಂತ ಸ್ಟೇಷನ್ ಹತ್ತಿರದ ಉಣ್ಣೆ ಅಂಗಡಿಗೆ ಹೋದೆ. ಅಲ್ಲಿ ನಿಲ್ಲಲು ಜಾಗ ಇಲ್ಲ! ಮೇ ತಿಂಗಳು, ಬೆವರು ಸುರಿಯುತ್ತಿದೆ, ಕಾಲೇಜು ಹುಡುಗಿಯರು ಬಣ್ಣಬಣ್ಣದ ಉಂಡೆ ಆರಿಸುತ್ತಿದ್ದಾರೆ. ಈ ಊರಲ್ಲಿ ಜನವರಿಯಲ್ಲೂ ಫ್ಯಾನ್ ಹಾಕಿಕೊಂಡು ಮಲಗುವವರು ನಾವು. ಇಷ್ಟು ಉಣ್ಣೆ ಯಾರಿಗೆ? ಈ ಕೆಲಸ ಇನ್ನೂ ಹೇಗೆ ಬದುಕಿದೆ?

ಇನ್ನೊಂದು ಪ್ರಶ್ನೆ. ಈ ಅರ್ಧ ಸ್ವೆಟರನ್ನು ಏನು ಮಾಡಲಿ?

ವಿರಾರ್ ಫಾಸ್ಟ್

ಶೀರ್ಷಿಕೆ ನೋಡಿ ನಗು ಬಂತು. ನಮ್ಮಲ್ಲಿ ಸ್ವೆಟರ್ ಹೆಣೆಯುವುದಕ್ಕೂ ‘ಹಾಕೋದು’, ತೊಡುವುದಕ್ಕೂ ‘ಹಾಕೋದು’. ಮುಂಬೈಯಲ್ಲಿ ಮೊದಲನೆಯದು ಮಾತ್ರ ಆಗುತ್ತದೆ.

ಲೆಕ್ಕದ ಮನುಷ್ಯ

ಇದೆಲ್ಲ ಲಾಕ್‌ಡೌನ್ ಹುಚ್ಚು. 2020ರಲ್ಲಿ ಮನೆಯಲ್ಲಿ ಕೂತು ಬೇಸರ ಆಯಿತು, ಅರ್ಧ ಊರು ಬ್ರೆಡ್ ಮಾಡಿತು, ಇನ್ನರ್ಧ ಕ್ರೋಶಾ (ಕೊಕ್ಕೆಯಲ್ಲಿ ಹಾಕುವ ಹೆಣಿಗೆ) ಹಿಡಿಯಿತು. ಬ್ರೆಡ್ ಬಿಟ್ಟರು, ಇದನ್ನೂ ಬಿಡುತ್ತಾರೆ. ಥಾಣೆಯಲ್ಲಿ 400 ರೂಪಾಯಿಗೆ ರೆಡಿಮೇಡ್ ಸ್ವೆಟರ್ ಸಿಗುವಾಗ, ಅದಕ್ಕಿಂತ ಜಾಸ್ತಿ ದುಡ್ಡಿನ ಉಣ್ಣೆ ತಂದು ಒಂದು ತಿಂಗಳು ಕೂರುವುದು ಯಾವ ಲೆಕ್ಕ?

ವಿರಾರ್ ಫಾಸ್ಟ್

ಸರ್, ನೀವು ಲೋಕಲ್ ರೈಲಿನ ಲೇಡೀಸ್ ಡಬ್ಬಿ ಒಳಗಿಂದ ನೋಡಿಲ್ಲ, ಅದಕ್ಕೇ ಲಾಕ್‌ಡೌನ್ ಅನ್ನುತ್ತೀರಿ. ನಾನು 1998ರಿಂದ ಚರ್ಚ್‌ಗೇಟ್ ಲೈನಿನಲ್ಲಿ ಓಡಾಡುತ್ತಿದ್ದೇನೆ. ಆಗಲೂ ಬಟಾಣಿ ಸುಲಿಯುವವರು, ಮೇಥಿ ಸೊಪ್ಪು ಬಿಡಿಸುವವರು, ಸ್ತೋತ್ರ ಹೇಳುವವರು, ಕ್ರೋಶಾ ಹಾಕುವವರು ಇದ್ದರು. ಕಿಟಕಿ ಪಕ್ಕ ಸೀಟು ಸಿಕ್ಕರೆ ಹೆಣಿಗೆ, ಮಧ್ಯದಲ್ಲಿ ಸಿಕ್ಕರೆ ಕ್ರೋಶಾ. ಯಾಕೆ ಅಂದರೆ ಎರಡು ಉದ್ದ ಕಡ್ಡಿ ಆಡಿಸಿದರೆ ಪಕ್ಕದವಳ ಪಕ್ಕೆಗೆ ತಿವಿಯುತ್ತದೆ. ಕ್ರೋಶಾಕ್ಕೆ ಒಂದೇ ಕೊಕ್ಕೆ, ಒಂದೇ ಕುಣಿಕೆ ಬಾಕಿ ಇರುತ್ತದೆ. ಅಂಧೇರಿ ಬಂತು, ನುಗ್ಗಾಟ ಶುರುವಾಯಿತು ಅಂದರೆ ಆ ಕುಣಿಕೆ ಸ್ವಲ್ಪ ಉದ್ದ ಎಳೆದು ಚೀಲಕ್ಕೆ ಹಾಕಿದರೆ ಮುಗಿಯಿತು. ಹೆಣಿಗೆ ಹಾಗಲ್ಲ, ನೂರು ಹೊಲಿಗೆ ಕಡ್ಡಿ ಮೇಲೆ ಕೂತಿರುತ್ತವೆ, ಕಡ್ಡಿ ಜಾರಿತೋ ಅಷ್ಟೂ ಹೋಯಿತು. ಕ್ರೋಶಾ ಈ ಊರಲ್ಲಿ ಗೆದ್ದಿರುವುದು ಲೋಕಲ್‌ನಿಂದ ಅಂತ ನನ್ನ ಅನುಮಾನ.

ಒಂದು ವರ್ಷ ನಮ್ಮ ಗುಂಪಿನಲ್ಲಿ ಒಬ್ಬರ ಮಗಳ ಬಾಣಂತನಕ್ಕೆ ಎಂಟು ಜನ ಸೇರಿ ಒಂದು ಹೊದಿಕೆ ಹಾಕಿದೆವು. ಚೌಕ ಚೌಕ ತುಂಡು, ಒಬ್ಬೊಬ್ಬರು ಒಂಬತ್ತು. ಕೊನೆಗೆ ಜೋಡಿಸಲು ಜಾಗ ಇಲ್ಲದೆ ಬೋರಿವಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹರಡಿ ಜೋಡಿಸಿದೆವು. ಒಬ್ಬರ ಕೈ ಬಿಗಿ, ಒಬ್ಬರದು ಸಡಿಲ, ಹಾಗಾಗಿ ಚೌಕಗಳ ಅಳತೆ ಒಂದೂ ಸರಿ ಬರಲಿಲ್ಲ. ಆ ಮಗು ಈಗ ಹತ್ತನೇ ಕ್ಲಾಸು.

ಪೇಠೆ ಸುತ್ತುವವಳು

ಪುಣೆಯಿಂದ ಹಲೋ. ನಮಗೆ ಚಳಿ ಇದೆ ಮಾರಾಯ್ರೆ! ಡಿಸೆಂಬರ್‌ನಲ್ಲಿ ಕೆಲವು ದಿನ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಆದರೂ ನಿಜ ಹೇಳಬೇಕು ಅಂದರೆ ನಾನು ಹಾಕಿದ್ದರಲ್ಲಿ ಮುಕ್ಕಾಲು ಪಾಲು ಚಳಿಗೆ ಸಂಬಂಧವೇ ಇಲ್ಲದ್ದು. ಬಾಗಿಲ ತೋರಣ, ತಟ್ಟೆ ಮುಚ್ಚುವ ರುಮಾಲು, ಗಣಪತಿ ಪೀಠದ ಸುತ್ತ ಲೇಸು, ಮೊಬೈಲ್ ಚೀಲ. ರವಿವಾರ ಪೇಠೆಯಲ್ಲಿ ಬೋಹ್ರಿ ಆಳಿ ಕಡೆ ಹೋದರೆ ದಾರ, ಮಣಿ, ಉಂಗುರ, ಗೆಜ್ಜೆ ಎಲ್ಲ ಒಂದೇ ಕಡೆ ಸಿಗುತ್ತದೆ. ಅಲ್ಲಿ ಹೋದರೆ ನನ್ನ ಪರ್ಸು ಉಳಿಯುವುದಿಲ್ಲ, ಅದು ಬೇರೆ ಮಾತು.

ಅರ್ಧ ಸ್ವೆಟರ್ ಬಗ್ಗೆ: ಕಡ್ಡಿ ತುದಿಯ ಗುಂಡಿಯಲ್ಲಿ ನಂಬರ್ ಬರೆದಿರುತ್ತದೆ, ನೋಡಿ. ನಮ್ಮ ಹಳೇ ಕಡ್ಡಿಗಳದ್ದು ಬ್ರಿಟಿಷ್ ಲೆಕ್ಕ, ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ತೆಳು. 8 ಅಂದರೆ 4 ಮಿಲಿಮೀಟರ್, 10 ಅಂದರೆ ಮೂರೂಕಾಲು, 12 ಅಂದರೆ ಇನ್ನೂ ಸಣ್ಣದು. ಆಮೇಲೆ ಹೊಲಿಗೆ ಎಣಿಸಿ ಹೇಳಿ. ಯಾರ ಅಳತೆಗೆ ಹಾಕಿದ್ದು ಅಂತ ಇಲ್ಲಿಂದಲೇ ಹೇಳುತ್ತೇನೆ.

ಕಂಬಳಿ ಹುಳ

ಚಿಂಚವಡದಲ್ಲಿ ಇದ್ದೇನೆ, ಊರು ಚಳ್ಳಕೆರೆ ಕಡೆ. ಒಂದು ತಕರಾರು ಇದೆ. ಹೆಣಿಗೆ, ಕ್ರೋಶಾ ಅಂದರೆ ಜನ ‘ನಮ್ಮ ಸಂಪ್ರದಾಯ’ ಅನ್ನುತ್ತಾರೆ. ಯಾವ ಸಂಪ್ರದಾಯ? ಹೆಣಿಗೆಯ ಹಳೇ ತುಂಡುಗಳು ಸಿಕ್ಕಿರುವುದು ಈಜಿಪ್ಟಿನಲ್ಲಿ, ಅದೂ ಹತ್ತಿ ಕಾಲುಚೀಲ. ಕ್ರೋಶಾ ಅಂತೂ ತೀರಾ ಇತ್ತೀಚಿನದು, ಅದರ ಮಾದರಿ ಮೊದಲು ಅಚ್ಚಾದದ್ದು 1820ರ ದಶಕದಲ್ಲಿ, ಒಂದು ಡಚ್ ಪತ್ರಿಕೆಯಲ್ಲಿ. ಹೆಸರೇ ಫ್ರೆಂಚ್, ಸಣ್ಣ ಕೊಕ್ಕೆ ಅಂತ ಅರ್ಥ. ನಮ್ಮ ಅಜ್ಜ ಕುರಿ ಉಣ್ಣೆ ಕತ್ತರಿಸಿ, ಅಜ್ಜಿ ಅದನ್ನು ನೂತು, ಹುಣಸೆ ಬೀಜದ ಗಂಜಿ ಹಾಕಿ ಕಂಬಳಿ ನೇಯುತ್ತಿದ್ದರು. ಅದು ಸಂಪ್ರದಾಯ. ಇಲ್ಲಿ ಧನಗರರು ಅದನ್ನೇ ಘೋಂಗಡಿ ಅನ್ನುತ್ತಾರೆ, ಅದೇ ದಖ್ಖನಿ ಕುರಿ, ಅದೇ ಕಪ್ಪು. ಮಳೆಗೆ ಹೊದ್ದುಕೊಂಡರೆ ಒಂದು ಹನಿ ಒಳಗೆ ಬರುವುದಿಲ್ಲ. ಅದರ ಬಗ್ಗೆ ಯಾರೂ ವಿಡಿಯೋ ಮಾಡುವುದಿಲ್ಲ.

ಪೇಠೆ ಸುತ್ತುವವಳು

ನಿಮ್ಮ ಹೆಸರು ಸರಿಯಾಗಿಯೇ ಇಟ್ಟುಕೊಂಡಿದ್ದೀರಿ 😄 ಒಪ್ಪಿದೆ. ಆದರೆ ಮೆಣಸಿನಕಾಯಿಯೂ ಹೊರಗಿನಿಂದ ಬಂದದ್ದು. ಬ್ಯಾಡಗಿಯವರ ಹತ್ತಿರ ಹೋಗಿ ಹೇಳಿ ನೋಡೋಣ. ಮಗುವಿಗೆ ಹಾಕುವ ಕುಲಾವಿ, ಕುಂಚಿಗೆ ಮೊದಲು ಬಟ್ಟೆಯಲ್ಲಿ ಹೊಲಿಯುತ್ತಿದ್ದರು, ಆಮೇಲೆ ಉಣ್ಣೆಯಲ್ಲಿ ಹೆಣೆದರು. ಇಲ್ಲಿ ಮರಾಠಿಯವರೂ ‘ಕುಂಚೀ’ ಅಂತಾರೆ. ಕಡ್ಡಿ ಹೊರಗಿನದು ಇರಬಹುದು, ಟೋಪಿ ನಮ್ಮದೇ.

ವಾಸ್ಕೋ ಕನ್ನಡಿಗ

ಗಂಡಸು ಮಾತಾಡಬಹುದಾ? ನಾನು ಬಂದರಿನಲ್ಲಿ ಕೆಲಸ, ಬಿಜಾಪುರದ ಕಡೆಯವನು, ಕ್ರೋಶಾ ಹಾಕುತ್ತೇನೆ. ಕಲಿತದ್ದು ಮನೆ ಮಾಲೀಕರಾದ ಆಂಟಿಯಿಂದ. ಗೋವಾದ ಕ್ಯಾಥೊಲಿಕ್ ಮನೆಗಳಲ್ಲಿ ಇದು ಬೇರೆಯೇ ಲೋಕ. 1961ರವರೆಗೆ ಪೋರ್ಚುಗೀಸರು ಇದ್ದರಲ್ಲ, ಅವರ ಭಾಷೆಯಲ್ಲಿ ಲೇಸಿಗೆ ‘ರೆಂಡಾ’, ಆಂಟಿ ಈಗಲೂ ಅದೇ ಶಬ್ದ ಹೇಳುತ್ತಾರೆ. ಮೇಜಿನ ಬಟ್ಟೆ, ದೇವರ ಪೀಠದ ಬಟ್ಟೆಯ ಅಂಚು, ಮಗುವಿನ ನಾಮಕರಣದ ಅಂಗಿ, ಎಲ್ಲದಕ್ಕೂ ಬಿಳಿ ಹತ್ತಿ ದಾರ. ಉಣ್ಣೆ ಮುಟ್ಟುವುದೇ ಇಲ್ಲ. ಚಳಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ನನಗೆ ಗೊತ್ತಾದದ್ದು ಅಲ್ಲೇ.

ಆಂಟಿಯ ಪಾಠ ಅಂದರೆ ಪಾಠ. ಮೊದಲ ತಿಂಗಳು ಬರೀ ಸರಪಳಿ ಹೊಲಿಗೆ. ನಾನು ಮೂರು ಮೀಟರ್ ಹಾಕಿ ತೋರಿಸಿದರೆ, ದಾರದ ತುದಿ ಹಿಡಿದು ಸರ್ರನೆ ಎಳೆದು ಪೂರ್ತಿ ಬಿಚ್ಚಿ ಕೈಗೆ ಕೊಡುತ್ತಿದ್ದರು. ಸಿಟ್ಟು ಬರುತ್ತಿತ್ತು. ಆಮೇಲೆ ಅಭ್ಯಾಸ ಆಯಿತು. ಹಡಗಿನ ಹಗ್ಗದ ಗಂಟು ಹಾಕುವವನಿಗೆ ಇದು ಬೇಗ ಬರುತ್ತದೆ ಅಂದುಕೊಂಡಿದ್ದೆ, ಇಲ್ಲ, ಗಂಟು ಬೇರೆ, ಕುಣಿಕೆ ಬೇರೆ. ಗಂಟು ಬಿಚ್ಚಬಾರದು, ಕುಣಿಕೆ ಬಿಚ್ಚಬೇಕು.

ಗೆಳೆಯರು ನಕ್ಕರು. ಯುರೋಪಿನಲ್ಲಿ ಒಂದು ಕಾಲಕ್ಕೆ ಹೆಣಿಗೆಯ ಸಂಘಗಳಲ್ಲಿ ಇದ್ದವರು ಗಂಡಸರೇ, ವರ್ಷಗಟ್ಟಲೆ ಉಮೇದುವಾರಿ ಮಾಡಿ ಕಲಿಯುತ್ತಿದ್ದರು ಅಂತ ಹೇಳಿದೆ. ನಂಬಲಿಲ್ಲ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬ್ರಿಟನ್ನಿನ ಡೈವರ್ ಟಾಮ್ ಡೇಲಿ ಗ್ಯಾಲರಿಯಲ್ಲಿ ಕೂತು ಹೆಣೆಯುತ್ತಿದ್ದ ಫೋಟೋ ತೋರಿಸಿದ ಮೇಲೆ ಸುಮ್ನಾದರು.

ಡೊಂಬಿವಲಿ ಡೈರಿ

ಎಣಿಸಿದೆ! ಕಡ್ಡಿ 10 ನಂಬರ್, ಸ್ಟೀಲಿನದು, ತುಕ್ಕು ಹಿಡಿದಿದೆ. ಎರಡೂ ಕಡ್ಡಿ ಸೇರಿ 90 ಹೊಲಿಗೆ. ಒಂದು ಕಡ್ಡಿಯಲ್ಲಿ 52, ಇನ್ನೊಂದರಲ್ಲಿ 38. ಇದು ಸರಿಯಾ?

ಪೇಠೆ ಸುತ್ತುವವಳು

ಈ ಉಣ್ಣೆಗೆ, ಈ ಕಡ್ಡಿಗೆ, ಇಂಚಿಗೆ ಸುಮಾರು 6 ಹೊಲಿಗೆ. 90 ಅಂದರೆ 15 ಇಂಚು ಅಗಲ. ಹಿಂದೆ ಮುಂದೆ ಸೇರಿ 30. ಸ್ವಲ್ಪ ಸಡಿಲ ಬಿಡುತ್ತಾರೆ, ಹಾಗಾಗಿ ಎದೆ ಅಳತೆ 27, 28. ಒಂಬತ್ತು ಹತ್ತು ವರ್ಷದ ಮಗು.

52 ಮತ್ತು 38 ಅಂದರೆ ಸಾಲಿನ ಮಧ್ಯದಲ್ಲಿ ನಿಲ್ಲಿಸಿದ್ದಾರೆ. ಹೆಣೆಯುವವರು ಯಾರೂ ಹಾಗೆ ನಿಲ್ಲಿಸುವುದಿಲ್ಲ, ಆ ಜಾಗ ಜಗ್ಗಿ ಗುರುತು ಉಳಿಯುತ್ತದೆ. ಕುಕ್ಕರ್ ಸೀಟಿ ಹೊಡೆದರೂ ‘ತಡೀ, ಸಾಲು ಮುಗೀಲಿ’ ಅನ್ನುವ ಜಾತಿ ನಮ್ಮದು.

ಡೊಂಬಿವಲಿ ಡೈರಿ

ಹತ್ತು ವರ್ಷ ಅಂದರೆ ನನ್ನ ಮಗಳಿಗೆ. ಅವಳಿಗೆ ಈಗ 24. ಆ ವರ್ಷ ಅಮ್ಮನ ಕಣ್ಣಿನ ಆಪರೇಷನ್ ಆಗಿತ್ತು. ಆಮೇಲೆ ಮಗಳು ಉದ್ದ ಆಗಿಬಿಟ್ಟಳು.

ಅಮಿಗುರುಮಿ ಹುಡುಗಿ

ಆ ಅಂಗಡಿಯಲ್ಲಿ ಉಂಡೆ ಆರಿಸುತ್ತಿದ್ದ ಹುಡುಗಿಯರ ಪರವಾಗಿ ನಾನು ಹೇಳುತ್ತೇನೆ 🙋 ವಯಸ್ಸು 22, ಅಂಧೇರಿ. ನಾವು ಸ್ವೆಟರ್ ಹಾಕುವುದೇ ಇಲ್ಲ. ಸೂರ್ಯಕಾಂತಿ ಹೂವು, ಟುಲಿಪ್ ಗೊಂಚಲು, ಕೂದಲ ಬ್ಯಾಂಡು, ಬೊಂಬೆ. ಅಮಿಗುರುಮಿ ಅಂದರೆ ಜಪಾನಿನಿಂದ ಬಂದ ಕ್ರೋಶಾ ಬೊಂಬೆ. ಬಾಡದ ಹೂವು ಅಂತ ಹುಟ್ಟುಹಬ್ಬಕ್ಕೆ ಕೊಂಡುಕೊಳ್ಳುತ್ತಾರೆ.

ಕೊಳ್ಳುತ್ತಾರೆ ಅಂದೆ, ಆದರೆ ಚೌಕಾಸಿ ಮಾಡದೆ ಅಲ್ಲ. ಒಂದು ಬೊಂಬೆಗೆ ಆರು ಗಂಟೆ ಹಿಡಿಯುತ್ತದೆ. 600 ಅಂದರೆ ‘ದಾರ ಎಷ್ಟರದ್ದು?’ ಅಂತ ಕೇಳುತ್ತಾರೆ. ದಾರ 90 ರೂಪಾಯಿದು, ಹೌದು. ಹಾಗಾದರೆ ಡಾಕ್ಟರ ಹತ್ತಿರ ಹೋಗಿ ಕಾಗದ ಎಷ್ಟರದ್ದು ಅಂತ ಕೇಳುತ್ತೀರಾ? ಹೋದ ವರ್ಷ ಒಂದು ಬುಟೀಕ್‌ನವರು 40 ಟಾಪ್ ಆರ್ಡರ್ ಕೊಟ್ಟರು. ಒಂದಕ್ಕೆ 250. ಅದನ್ನೇ 2800ಕ್ಕೆ ಮಾರಿದರು, ಮೇಲೆ ‘ಪ್ರೀತಿಯಿಂದ ಕೈಯಲ್ಲಿ ಮಾಡಿದ್ದು’ ಅಂತ ಚೀಟಿ ಬೇರೆ. ನನ್ನ ಮಣಿಕಟ್ಟು ಎರಡು ತಿಂಗಳು ಪಟ್ಟಿಯಲ್ಲಿತ್ತು.

ಲೆಕ್ಕದ ಮನುಷ್ಯ

ಅದನ್ನೇ ನಾನು ಹೇಳಿದ್ದು. ಲೆಕ್ಕ ಕೂಡುವುದಿಲ್ಲ. ಮೆಷಿನ್ ಜೊತೆ ಯಾಕೆ ಪೈಪೋಟಿ?

ಅಮಿಗುರುಮಿ ಹುಡುಗಿ

ಮೆಷಿನ್ ಜೊತೆ ಪೈಪೋಟಿ ಇಲ್ಲವೇ ಇಲ್ಲ ಸರ್! ಹೆಣಿಗೆಗೆ ಮೆಷಿನ್ ಬಂದು 400 ವರ್ಷ ದಾಟಿತು, 1589ರಲ್ಲಿ ವಿಲಿಯಂ ಲೀ ಅನ್ನುವವನು ಇಂಗ್ಲೆಂಡಿನಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟು ಮಾಡಿದ. ಆದರೆ ಕ್ರೋಶಾ ಹಾಗಲ್ಲ. ಕೊಕ್ಕೆ ಪ್ರತಿ ಸಲವೂ ಬೇರೆ ಕಡೆ ಚುಚ್ಚಬೇಕು, ಬೇರೆ ಕೋನದಲ್ಲಿ ತಿರುಗಬೇಕು. ಕಾರ್ಖಾನೆಯಲ್ಲಿ ಅದರ ಹಾಗೆ ಕಾಣುವ ಬಟ್ಟೆ ಮಾಡುತ್ತಾರೆ, ಆದರೆ ಅಂಗಡಿಯಲ್ಲಿ ನಿಜವಾದ ಕ್ರೋಶಾ ಅಂತ ಇದ್ದರೆ ಅದು ಯಾರದೋ ಕೈ. ಮಾಲ್‌ನಲ್ಲಿ 499ಕ್ಕೆ ನೇತು ಹಾಕಿದ ಕ್ರೋಶಾ ಟಾಪ್ ನೋಡಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಅಂಗಡಿಯವರು, ಸಾಗಾಟದವರು ಎಲ್ಲರೂ ಪಾಲು ತೆಗೆದುಕೊಂಡ ಮೇಲೆ ಅದನ್ನು ಹಾಕಿದವಳಿಗೆ ಎಷ್ಟು ಸಿಕ್ಕಿರಬಹುದು? ಲೆಕ್ಕ ನೀವೇ ಹಾಕಿ.

ಕಂಬಳಿ ಹುಳ

ಇದು ಹಳೇ ಕಥೆ. ಆಂಧ್ರದ ನರಸಾಪುರದಲ್ಲಿ ಮಿಷನರಿಗಳು 19ನೇ ಶತಮಾನದಲ್ಲಿ ಹೆಂಗಸರಿಗೆ ಲೇಸು ಕಲಿಸಿದರು. ಸಾವಿರಾರು ಮನೆಗಳಲ್ಲಿ ಹಾಕಿದ್ದು ವಿದೇಶಕ್ಕೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು ಅಧ್ಯಯನ ಮಾಡಿ 1982ರಲ್ಲಿ ಬರೆದರು. ಅವರ ವಾದ ಇಷ್ಟು: ಈ ಹೆಂಗಸರನ್ನು ಕೆಲಸಗಾರರು ಅಂತ ಯಾರೂ ಎಣಿಸುವುದಿಲ್ಲ, ‘ಮನೆಯಲ್ಲಿ ಸುಮ್ನೆ ಕೂತವರು, ಬಿಡುವಿನಲ್ಲಿ ಹಾಕುತ್ತಾರೆ’ ಅನ್ನುತ್ತಾರೆ, ಅದಕ್ಕೇ ಕೂಲಿ ಅಷ್ಟು ಕಮ್ಮಿ. 2024ರಲ್ಲಿ ಆ ಲೇಸಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಟ್ಯಾಗ್ ಲೇಸಿಗೆ. ಕೂಲಿಗೆ ಅಲ್ಲ.

ಐರ್ಲೆಂಡಿನಲ್ಲೂ ಹೀಗೇ, 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಕ್ರೋಶಾ ಲೇಸು ಮಾರಿ ಹೊಟ್ಟೆ ಹೊರೆದ ಮನೆಗಳಿದ್ದವು. ಹವ್ಯಾಸ ಅನ್ನುವುದು ಹೊಟ್ಟೆ ತುಂಬಿದ ಮೇಲಿನ ಹೆಸರು.

ವಾಸ್ಕೋ ಕನ್ನಡಿಗ

ಅಂಜುನಾ ಬುಧವಾರದ ಸಂತೆಯಲ್ಲಿ ವಿದೇಶಿಯರಿಗೆ ಕ್ರೋಶಾ ಟಾಪು ಮಾರುವ ಅಂಗಡಿಗಳ ಪಕ್ಕದಲ್ಲೇ ನಮ್ಮ ಕಡೆಯ ಲಂಬಾಣಿ ಹೆಂಗಸರು ಕನ್ನಡಿ ಬಟ್ಟೆ ಹರಡಿಕೊಂಡು ಕೂತಿರುತ್ತಾರೆ. ನಾನು ಕನ್ನಡದಲ್ಲಿ ಮಾತಾಡಿಸಿದರೆ ಮೊದಲು ಬೆಲೆ ಇಳಿಸುತ್ತಾರೆ, ಆಮೇಲೆ ‘ಅವರು ಸಾವಿರ ಅಂದ್ರೂ ತಗೊಂತಾರ, ನಮ್ಮದಕ್ಕ ನೂರು ಅಂದ್ರ ಜಗಳಾ’ ಅಂತ ಬೈಯುತ್ತಾರೆ. ಎರಡೂ ಕೈಕೆಲಸವೇ.

ಮಾಟುಂಗಾ ಅಜ್ಜಿ

ಮೊಮ್ಮಗ ಟೈಪ್ ಮಾಡುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ. ವಯಸ್ಸು 79.

ನೀವೆಲ್ಲ ಕೂಲಿ, ಚಳಿ, ಸಂಪ್ರದಾಯ ಅಂತ ಜಗಳ ಆಡುತ್ತಿದ್ದೀರಿ. 1962ರಲ್ಲಿ ಚೀನಾ ಯುದ್ಧ ಆದಾಗ ನಾನು ಮಾಟುಂಗಾದಲ್ಲಿ ಹೈಸ್ಕೂಲು. ಹಿಮಾಲಯದಲ್ಲಿ ಜವಾನರಿಗೆ ಸರಿಯಾದ ಬಟ್ಟೆ ಇಲ್ಲ ಅಂತ ಸುದ್ದಿ. ದೇಶದ ತುಂಬಾ ಹೆಂಗಸರು ಸ್ವೆಟರ್ ಹಾಕಿ ಕಳಿಸಿದರು, ನಮ್ಮ ಚಾಳಿನಲ್ಲೂ ಹಾಕಿದೆವು. ಚಳಿಯನ್ನೇ ಕಾಣದ ಹುಡುಗಿಯರು ನಾವು. ಖಾಕಿ ಉಣ್ಣೆ, ಸೀದಾ ಹೊಲಿಗೆ ಎರಡು, ಉಲ್ಟಾ ಹೊಲಿಗೆ ಎರಡು, ಪಕ್ಕದ ಮನೆ ಮರಾಠಿ ಕಾಕೂ ‘ಸುಲಟ್, ಉಲಟ್’ ಅಂತ ಹಾಡಿನ ಹಾಗೆ ಹೇಳುತ್ತಿದ್ದರು. ನಾನು ಹಾಕಿದ ತೋಳು ಒಂದು ಉದ್ದ, ಒಂದು ಗಿಡ್ಡ. ಅಮ್ಮ ಬೈಯಲಿಲ್ಲ. ಗಿಡ್ಡದ್ದು ಬಿಚ್ಚಿ ಮತ್ತೆ ಹಾಕು ಅಂದಳು.

ಈಗ ಆ ಹುಡುಗಿಯ ಹಸಿರು ಸ್ವೆಟರ್ ವಿಷಯ. ನಾನು ಹೇಳುವುದು ಕೇಳಿ, ಅದನ್ನು ಬಿಚ್ಚಿ. ಪೂರ್ತಿ ಬಿಚ್ಚಿ.

ಅಮಿಗುರುಮಿ ಹುಡುಗಿ

ಅಜ್ಜೀ!! ಬೇಡ!! ಫ್ರೇಮ್ ಹಾಕಿಸಿ ಗೋಡೆಗೆ ಹಾಕಿ ಅಂತ ನಾನು ಹೇಳಬೇಕು ಅಂತಿದ್ದೆ 😭

ಮಾಟುಂಗಾ ಅಜ್ಜಿ

ಫ್ರೇಮ್ ಫೋಟೋಗೆ. ಉಣ್ಣೆಗೆ ಅಲ್ಲ.

ನಮ್ಮ ಮನೆಯಲ್ಲಿ ಉಣ್ಣೆ ಕೊಳ್ಳುವುದು ಅಪರೂಪ. ನಮ್ಮಪ್ಪನ ಬೂದು ಸ್ವೆಟರ್ ಮೊಣಕೈ ಹರಿದ ಮೇಲೆ ಅದನ್ನು ಬಿಚ್ಚಿ ತಮ್ಮನ ತೋಳಿಲ್ಲದ ಸ್ವೆಟರ್ ಆಯಿತು. ಅವನು ಬೆಳೆದ ಮೇಲೆ ಬಿಚ್ಚಿ ಅಕ್ಕನ ಮಗುವಿನ ಟೋಪಿ, ಕಾಲುಚೀಲ. ಉಳಿದದ್ದು ಚಹಾ ಕೆಟಲಿಗೆ ಅಂಗಿ. ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಒಬ್ಬರು ಎಳೆಯಬೇಕು, ಇನ್ನೊಬ್ಬರು ಕುರ್ಚಿಯ ಬೆನ್ನಿಗೆ ಸುತ್ತಬೇಕು. ಆಮೇಲೆ ನಾಲ್ಕು ಕಡೆ ಸಡಿಲ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡದೆ ನೇತು ಹಾಕಿ, ಕೆಳಗೆ ಒಂದು ಭಾರ ಕಟ್ಟಿದರೆ ನೂಡಲ್ಸ್ ಹಾಗೆ ಸುರುಳಿ ಆದದ್ದು ನೆಟ್ಟಗಾಗುತ್ತದೆ. ಈಗಿನ ಅಕ್ರಿಲಿಕ್ ಅಷ್ಟು ನೆಟ್ಟಗಾಗುವುದಿಲ್ಲ, ಆದರೂ ಆಗುತ್ತದೆ. ನೇಯ್ದ ಬಟ್ಟೆ ಹರಿದರೆ ಕೌದಿಗೆ ಹೋಗುತ್ತದೆ, ಇದು ಹರಿದರೆ ಮತ್ತೆ ದಾರ ಆಗುತ್ತದೆ. ಇದು ಯಾಕೆ ಇನ್ನೂ ಇದೆ ಅಂತ ಕೇಳಿದಿರಲ್ಲ, ಅದಕ್ಕೆ. ತಪ್ಪಿದರೆ ಬಿಚ್ಚಬಹುದು. ಹಾಗಾಗಿ ಯಾರೂ ಹೆದರುವುದಿಲ್ಲ.

ಆ ತಾಯಿ ಇದ್ದಿದ್ದರೆ ಮೊಮ್ಮಗಳು ಉದ್ದ ಆದಳು ಅಂತ ತಾನೇ ಬಿಚ್ಚಿ ಬೇರೆ ಅಳತೆಗೆ ಹಾಕುತ್ತಿದ್ದಳು.

ಲೆಕ್ಕದ ಮನುಷ್ಯ

ಅಜ್ಜಿ ಲೆಕ್ಕ ನನಗೆ ಅರ್ಥ ಆಯಿತು. ಇದನ್ನು ಮೊದಲೇ ಹೇಳಬಾರದಿತ್ತಾ.

(ಹೆಣಿಗೆ ಮನಸ್ಸಿಗೆ ಒಳ್ಳೆಯದು ಅಂತ ಬ್ರಿಟನ್ನಿನ ಒಂದು ಆಕ್ಯುಪೇಷನಲ್ ಥೆರಪಿ ಪತ್ರಿಕೆಯಲ್ಲಿ 2013ರಲ್ಲಿ ಸಮೀಕ್ಷೆ ಬಂದಿತ್ತು, 3,545 ಹೆಣೆಯುವವರನ್ನು ಕೇಳಿದ್ದರು. ಓದಿ ನಕ್ಕಿದ್ದೆ. ಹೆಣೆಯುವವರನ್ನೇ ಕೇಳಿದರೆ ಇನ್ನೇನು ಹೇಳುತ್ತಾರೆ? ಈಗಲೂ ಅದೇ ಅಭಿಪ್ರಾಯ.)

ಪೇಠೆ ಸುತ್ತುವವಳು

ನಾನು ಅಜ್ಜಿ ಮತ್ತು ಹುಡುಗಿಯ ಮಧ್ಯೆ. ಪೂರ್ತಿ ಬಿಚ್ಚಬೇಡಿ. ಆದರೆ ಕಡ್ಡಿಗೆ ತುಕ್ಕು ಅಂದಿರಲ್ಲ, ಅದರ ಕಲೆ ಹೊಲಿಗೆಗೆ ಹತ್ತಿರುತ್ತದೆ. ನಮ್ಮ ಮಳೆಗಾಲಕ್ಕೆ ಸ್ಟೀಲ್ ಕಡ್ಡಿ ಹೀಗೇ. ಮೇಲಿನ ನಾಲ್ಕೈದು ಸಾಲು ಹೇಗೂ ತೆಗೆಯಲೇಬೇಕು. ಕೆಳಗಿನದು ಹಾಗೇ ಇಟ್ಟು ಅಲ್ಲಿಂದ ಮುಂದುವರಿಸಿ. ಹೊಸದಾಗಿ ಅಲ್ಯೂಮಿನಿಯಂ ಕಡ್ಡಿ ತನ್ನಿ, ಪೋನಿ ಕಂಪನಿಯದು ಎಲ್ಲ ಕಡೆ ಸಿಗುತ್ತದೆ, ಊಟಿ ಹತ್ತಿರ ಕೇತಿಯಲ್ಲಿ ತಯಾರಾಗುತ್ತದೆ. ಮಗಳಿಗೆ ಆಗದಿದ್ದರೆ ಏನಂತೆ, ದಿಂಬಿನ ಅಂಗಿ ಆಗುತ್ತದೆ.

ಬಣ್ಣ ಮಾತ್ರ ಕಷ್ಟ. ಅದೇ ಕಂಪನಿ, ಅದೇ ನಂಬರ್ ಆದರೂ ಬೇರೆ ಬಾರಿ ಅದ್ದಿದ ಉಣ್ಣೆ ಒಂಚೂರು ಬೇರೆ ಇರುತ್ತದೆ. ಹದಿನಾಲ್ಕು ವರ್ಷದ ಹಿಂದಿನದಕ್ಕೆ ಹೊಂದುವುದು ಸಿಗಲಾರದು.

ಡೊಂಬಿವಲಿ ಡೈರಿ

ಎರಡು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಹೊಸ ಬಾಡಿಗೆ ಮನೆಗೆ ಬಂದೆವು. ಅರ್ಧ ಡಬ್ಬ ಇನ್ನೂ ತೆಗೆದಿಲ್ಲ, ಆದರೆ ಸ್ವೆಟರ್ ತೆಗೆದೆವು.

ಮಗಳು ವಿಡಿಯೋ ನೋಡಿ ನನಗಿಂತ ಬೇಗ ಕಲಿತಳು. ಭಾನುವಾರ ಇಬ್ಬರೂ ಕೂತು ತುಕ್ಕಿನ ಸಾಲು ಬಿಚ್ಚಿದೆವು. ಐದು ಸಾಲು. ಅಮ್ಮ ಅರ್ಧಕ್ಕೆ ನಿಲ್ಲಿಸಿದ ಸಾಲೇ ಮೊದಲು ಹೋಯಿತು. ನಾನು ಎಳೆದೆ, ಮಗಳು ಸುತ್ತಿದಳು. ಮೂರನೇ ಸಾಲಿನಲ್ಲಿ ಒಂದು ಉದ್ದ ಕೂದಲು ಸಿಕ್ಕಿಕೊಂಡಿತ್ತು, ಬಿಳಿ. ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಈಗ 12 ಸಾಲು ನಮ್ಮದು ಸೇರಿದೆ. ಯಾವುದು ಅಮ್ಮನದು, ಯಾವುದು ನಮ್ಮದು ಅಂತ ದೂರದಿಂದಲೇ ಗೊತ್ತಾಗುತ್ತದೆ, ನನ್ನ ಕೈ ಎಷ್ಟು ಬಿಗಿ ಅಂದರೆ ಅಗಲವೇ ಒಂದು ಇಂಚು ಕಮ್ಮಿ ಆಗಿದೆ. ಉಣ್ಣೆ ಇನ್ನು ಒಂದು ಮುಷ್ಟಿ ಇದೆ. ದಾದರ್ ಹುಡುಕಿದೆ, ಅಬ್ದುಲ್ ರಹಮಾನ್ ಸ್ಟ್ರೀಟ್ ಹುಡುಕಿದೆ. ಹಸಿರು ಇದೆ, ಆ ಹಸಿರು ಇಲ್ಲ. ಯಾರ ಮನೆಯಲ್ಲಾದರೂ ಹಳೇ ಬಾಟಲ್ ಗ್ರೀನ್ ಬಿದ್ದಿದೆಯಾ?

ಮಾಟುಂಗಾ ಅಜ್ಜಿ

ಒಂದೂವರೆ ಉಂಡೆ ಇದೆ. ಬಣ್ಣ ಅದೇನಾ ನೋಡಿದ ಮೇಲೆ ಗೊತ್ತು. ಹೊಂದದಿದ್ದರೆ ಪಟ್ಟೆ ಹಾಕು. ಮೊಮ್ಮಗ ಗುರುವಾರ ಡೊಂಬಿವಲಿ ಕಡೆ ಬರುತ್ತಾನೆ, ಸ್ವೆಟರ್ ತೆಗೆದುಕೊಂಡು ಸ್ಟೇಷನ್ನಿಗೆ ಬಾ, ಬಿಸಿಲಿನಲ್ಲಿ ಇಟ್ಟು ನೋಡಬೇಕು. ಟ್ಯೂಬ್‌ಲೈಟಿನಲ್ಲಿ ಎಲ್ಲ ಹಸಿರೂ ಒಂದೇ ಥರ ಕಾಣುತ್ತದೆ.

ವಿರಾರ್ ಫಾಸ್ಟ್

ಅಜ್ಜಿ, ಮೊಮ್ಮಗನ ಕೈಯಲ್ಲಿ ಉಂಡೆಯನ್ನು ಡಬ್ಬಿಯೊಳಗೆ ಹಾಕಿ ಕಳಿಸಿ. ಚೀಲದಲ್ಲಿ ಹಾಕಿದರೆ ದಾರದ ತುದಿ ಯಾರದೋ ಬ್ಯಾಗಿಗೆ ಸಿಕ್ಕಿಕೊಂಡು ಕುರ್ಲಾದಲ್ಲೇ ಇಳಿದುಬಿಡುತ್ತದೆ. ನನಗೆ ಆಗಿದೆ.